ಹದಿನೇಳನೆಯ ಎಳೆ

"ತಪ್ಪಿತ್ರಿ! ಸಮ್ ತಪ್ಪಿತು!"

ನೂರು ಗಂಡಸರು ಒಂದೇ ಸಲಕ್ಕೆ "ವ್ಹಾ!" ಎಂದ ಆ ಗಳಿಗೆಯಲ್ಲೇ, ಬಿದಿರು ಪರದೆಯ ಹಿಂದಿನಿಂದ ಒಂದು ಹೆಣ್ಣುದನಿ ಹೀಗೆಂದುಬಿಟ್ಟಿತು!

ಜಮಖಂಡಿಯ ನಾರಾಯಣರಾಯರ ವಾಡೆ. ಮಾಘ ಮಾಸದ ರವಿವಾರದ ಬೆಳಗು. ಪಡಸಾಲೆಯಲ್ಲಿ ದತ್ತಾತ್ರೇಯಬುವಾ ತೋಡಿ ರಾಗ ಹಾಡುತ್ತಿದ್ದರು. ಊರಿನ ವಕೀಲರು, ಮಾಸ್ತರರು, ಕಚೇರಿಯ ಸಾಹೇಬರು ಜಮಖಾನದ ಮೇಲೆ ತಲೆದೂಗುತ್ತ ಕೂತಿದ್ದರು. ಹೆಂಗಸರಿಗೆ ಮಾತ್ರ ಒಳಬಾಗಿಲ ಹತ್ತಿರ, ಪರದೆಯ ಹಿಂದೆ ಜಾಗ. ಇಷ್ಟು ವರ್ಷದಲ್ಲಿ ಅಲ್ಲಿಂದ ಬಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಬಂದದ್ದಿರಲಿಲ್ಲ.

ಇವತ್ತು ಬಂತು!

ಹಾಗೆಂದವಳು ಬನಹಟ್ಟಿಯ ನೇಕಾರ ಶಿದ್ರಾಮಪ್ಪನ ಮಗಳು ಕಸ್ತೂರೆವ್ವ. ಮನೆಯಲ್ಲಿ ಕಸ್ತೂರಿ. ಇಪ್ಪತ್ತು ವರ್ಷ. ಅಂದ ಮೇಲೆ ಅವಳೇ ಬೆಚ್ಚಿಬಿದ್ದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

'ಅಯ್ಯ ಶಿವನ! ಮನಸಿನ್ಯಾಗ ಅಂದಕೊಂಡದ್ದು ಹೊರಗ ಬಂತೇನು?'

ಬಂದಾಗಿತ್ತು. ಅಷ್ಟೇ ಅಲ್ಲ, ಅವಳು ಹೇಳಿದ್ದು ನಿಜವೂ ಆಗಿತ್ತು. ಅದೇ ಎಲ್ಲಕ್ಕಿಂತ ದೊಡ್ಡ ತಪ್ಪಾಯಿತು ನೋಡಿ!

ತಾಳ ಒಂದು ಸುತ್ತು ಮುಗಿಸಿ ಮತ್ತೆ ಶುರುವಾಗುವ ಮೊದಲ ಪೆಟ್ಟಿಗೆ ಸಮ್ ಎನ್ನುತ್ತಾರೆ. ಹಾಡುವವರು, ಬಾರಿಸುವವರು ನಡುವೆ ಎಲ್ಲಿ ಅಲೆದಾಡಿದರೂ ಅಲ್ಲಿಗೆ ಬಂದು ಕೂಡಲೇಬೇಕು. ತೀನತಾಲಕ್ಕೆ ಹದಿನಾರು ಮಾತ್ರೆ. ಹದಿನಾರು ಮುಗಿದ ಕೂಡಲೇ ಸಮ್. ಆ ದಿನ ತಬಲಾಕ್ಕೆ ಕೂತಿದ್ದ ಹೊಸ ಹುಡುಗ ಗುಡುಗಿನಂತೆ ಬಾರಿಸಿಕೊಂಡು ಬಂದ... ಬಂದು ಮುಟ್ಟುವಾಗ ಹದಿನೇಳೂ ಮುಗಿದಿತ್ತು! ಬುವಾ ಒಂದು ಸ್ವರವನ್ನು ಉದ್ದಕ್ಕೆ ಹಿಡಿದು ಅವನ ತಪ್ಪನ್ನು ಮುಚ್ಚಿದರು. ಪಡಸಾಲೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಪರದೆಯ ಹಿಂದೆ ಗೊತ್ತಾಯಿತು.

ತಬಲಾದವನು ತಲೆಯೆತ್ತಿ ಪರದೆಯ ಕಡೆ ನೋಡಿದ. ಬಿದಿರು ಕಡ್ಡಿಗಳ ಸಂದಿಯಿಂದ ಕಸ್ತೂರಿಗೆ ಅವನ ಮುಖ ಸ್ಪಷ್ಟವಾಗಿ ಕಂಡಿತು. ದಟ್ಟ ಹುಬ್ಬು, ಬೆವರಿದ ಹಣೆ, ಎರಡು ದೊಡ್ಡ ಕಣ್ಣು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. ಅದೇನಿತ್ತು ಅಂತ ಅವಳಿಗೆ ತಿಳಿಯಲಿಲ್ಲ... ಆದರೆ ಎದೆ ಮಾತ್ರ ಹದಿನಾರನ್ನು ಎಂಟರಲ್ಲೇ ಮುಗಿಸಿ ಓಡತೊಡಗಿತು.

ಗಾಯನದ ಬೈಠಕ್ಕು ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಅವಳು ಮತ್ತೆ ಸಂದಿಯಿಂದ ಇಣುಕಿದಳು. ಆ ತಬಲಾದವನು ನಾರಾಯಣರಾಯರ ಎದುರು ನಿಂತಿದ್ದ. ಪರದೆಯ ಕಡೆ ಬೆರಳು ಮಾಡಿ ಏನೋ ಹೇಳುತ್ತಿದ್ದ. ರಾಯರ ಮುಖ ಕೆಂಪಗಾಗುತ್ತಿತ್ತು.

ಸ್ವಲ್ಪ ಹೊತ್ತಿಗೆ ರಾಯರು ಶಿದ್ರಾಮಪ್ಪನನ್ನು ಕರೆಸಿದರು.

"ಶಿದ್ರಾಮಪ್ಪ, ನಿನ್ನ ಮಗಳಿಗೆ ಗಾಯನದಾಗ ಹೆಂಗ ಕೂಡಬೇಕು ಅನ್ನೋದು ಗೊತ್ತಿಲ್ಲ. ಇನ್ನ ಮುಂದ ಆಕೀನ್ನ ಈ ವಾಡೇಕ್ಕ ಕರಕೊಂಡು ಬರಬ್ಯಾಡ."

"ಆದ್ರ... ತಪ್ಪಿದ್ದು ಖರೇನ ಇತ್ತಲ್ರಿ ರಾಯರ?"

"ಖರೆ ಇದ್ದರೇನು? ಪರದೇ ಹಿಂದಿನವರು ಮಾತಾಡೋದು ಪದ್ಧತಿ ಅಲ್ಲ."

ಮುಂಬಯಿ ಸರಕಾರದ ಎಸ್.ಟಿ. ಬಸ್ಸಿನಲ್ಲಿ ಬನಹಟ್ಟಿ ಮುಟ್ಟುವತನಕ ಕಸ್ತೂರಿ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದಳು. ಕಣ್ಣೀರು ಬಂದರೆ ತಪ್ಪನ್ನು ಗಾಳಿಯ ಮೇಲೆ ಹಾಕಬಹುದಲ್ಲ!

'ತಾನು ತಪ್ಪಿ, ನನ್ನ ಮ್ಯಾಲೆ ಚಾಡಿ ಹೇಳಿದ. ಎಂಥಾ ಗಂಡಸು ಇವ!'

* * *

ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ಸೇರಿ ಆಗ ಐದು ವರ್ಷ. ಕಸ್ತೂರಿ ಬೈಠಕ್ಕು ಕೇಳಲು ಶುರುಮಾಡಿ ಹದಿಮೂರು ವರ್ಷ.

ಏಳು ವರ್ಷದವಳಿದ್ದಾಗ ಅಪ್ಪ ಹೆಗಲ ಮೇಲೆ ಕೂಡಿಸಿಕೊಂಡು ಮುಧೋಳಕ್ಕೆ ಒಯ್ದಿದ್ದ. ಅಲ್ಲಿಂದ ಹತ್ತಿದ ಹುಚ್ಚು! ಬೀಳಗಿಗೆ ಚಕ್ಕಡಿಯಲ್ಲಿ, ಗಲಗಲಿಗೆ ಹೊಳೆಯ ದಂಡೆ ಹಿಡಿದು ನಡೆದು, ಜಮಖಂಡಿಗೆ ಬಸ್ಸಿನಲ್ಲಿ... ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಯಾವ ಊರಲ್ಲಿ ಯಾರು ಯಾವ ರಾಗ ಹಾಡಿದರು, ಎಲ್ಲಿ ತಂಬೂರಿಯ ತಂತಿ ಹರಿಯಿತು, ಯಾರ ಕಣ್ಣಲ್ಲಿ ನೀರು ಬಂತು, ಎಲ್ಲ ಅವಳಿಗೆ ಬಾಯಿಪಾಠ. ಒಂದು ಸಾಲು ಹಾಡೆಂದರೆ ಮಾತ್ರ ಬರುತ್ತಿರಲಿಲ್ಲ. ದನಿ ತೆಗೆದರೆ ಗೋಡೆಯ ಹಲ್ಲಿ ಕೂಡ ಜಾಗ ಬದಲಿಸುತ್ತಿತ್ತು!

ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. 'ನಾ ಕೇಳಾಕ ಹುಟ್ಟಿದಾಕಿ' ಎಂಬ ಸಣ್ಣ ಸೊಕ್ಕು ಇತ್ತು.

ಅವಳ ತಾಯಿ ಸಾವಿತ್ರೆವ್ವನಿಗೆ ಆ ಸೊಕ್ಕೇ ತಲೆನೋವು. ಬಂದ ಎರಡು ಸಂಬಂಧಗಳೂ ಅದರಿಂದಲೇ ತಪ್ಪಿದ್ದವು. ಯಾರು ನೋಡಲು ಬಂದರೂ ಕಸ್ತೂರಿ ತಾನೇ ಬಾಯಿ ಬಿಟ್ಟು ಹೇಳುತ್ತಿದ್ದಳು. "ಮದುವಿ ಆದ ಮ್ಯಾಲೆ ವರ್ಷಕ್ಕ ನಾಕು ಬೈಠಕ್ಕಿಗೆ ಕಳಸಬೇಕ್ರಿ. ಅಷ್ಟಽ ನನ್ನ ಷರತ್ತು." ಅಷ್ಟಕ್ಕೇ ಅವರು ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದರು.

ಜಮಖಂಡಿಯ ಸುದ್ದಿ ಕೇಳಿ ಸಾವಿತ್ರೆವ್ವ ಹಣೆ ಬಡಿದುಕೊಂಡಳು.

"ಇನ್ನ ಸಾಕವ್ವ! ಮಹಾಲಿಂಗಪುರದಿಂದ ಬರೋ ರವಿವಾರ ನೋಡಾಕ ಬರತಾರ. ಬೆಲ್ಲದ ಅಡತಿ ವ್ಯಾಪಾರದ ಮನಿತನ. ಷರತ್ತು-ಗಿರತ್ತು ಅಂತ ನೀ ತುಟಿ ಪಿಟಕ್ ಅಂದ್ರ ನನ್ನ ಹೆಣಾ ನೋಡತಿ. ಹಾಕು ಆಣಿ!"

"ಅವ್ವ... ಬೈಠಕ್ ಇಲ್ಲದ ನಾ ಹೆಂಗ ಇರ್ಲಿ ಬೇ?"

"ನಾ ಇಲ್ಲೇನು? ಇಷ್ಟು ವರ್ಷಾತು, ಒಂದರ ಕೇಳೇನೇನು? ಸತ್ತೇನೇನು? ಮಗ್ಗ ಮುಟ್ಟಿ ಆಣಿ ಹಾಕು!"

ಕಸ್ತೂರಿ ಮಗ್ಗ ಮುಟ್ಟಿ ಆಣೆ ಹಾಕಿದಳು. 

* * *

ಶಿದ್ರಾಮಪ್ಪನಿಗೆ ಮೊಣಕಾಲು ನೋವು ಹಿಡಿದ ಮೇಲೆ ಮಗ್ಗದ ಕುಣಿಗೆ ಇಳಿದವಳು ಕಸ್ತೂರಿಯೇ. ಆ ವಾರ ಅವಳು ನೇಯ್ದು ಮುಗಿಸಿದ್ದು ಬದನೆಹೂವಿನ ಬಣ್ಣದ, ಕೆಂಪು ದಡಿಯ ಸೀರೆ. ಕೈಕಾಲು ಮಗ್ಗದಲ್ಲಿ, ತಲೆಯೆಲ್ಲ ಜಮಖಂಡಿಯ ತೋಡಿಯಲ್ಲಿ.

ಅದನ್ನು ರಬಕವಿಯ ಶಿವಯೋಗೆಪ್ಪನ ಸೀರೆ ಅಂಗಡಿಗೆ ಕೊಡಲು ಅಪ್ಪನ ಜೊತೆ ತಾನೂ ಹೋದಳು. ಅಂಗಡಿಯ ಗಾದಿಯ ಮೇಲೆ ಸೀರೆ ಪರೀಕ್ಷೆಗೆ ಕೂತವನನ್ನು ನೋಡಿ ಅವಳ ಕಾಲು ಹೊಸ್ತಿಲಲ್ಲೇ ನಿಂತವು.

ದಟ್ಟ ಹುಬ್ಬು. ದೊಡ್ಡ ಕಣ್ಣು!

"ನಮ್ಮ ಅಕ್ಕನ ಮಗ, ಚನಮಲ್ಲಪ್ಪ ಅಂತ" ಎಂದ ಶಿವಯೋಗೆಪ್ಪ ಒಳಗಿನಿಂದಲೇ. "ಚಿಮ್ಮಡದವ. ಈ ತಿಂಗಳದಿಂದ ಇಲ್ಲೇ ಅದಾನ. ಕೈಯಾಗ ತಬಲಾ, ತಲ್ಯಾಗೂ ತಬಲಾ! ಆದ್ರ ಸೀರಿ ಭಾಳ ಛಲೋ ನೋಡತಾನ."

ಚನಮಲ್ಲ ಸೀರೆಯನ್ನು ಮಡಿಲಲ್ಲಿ ಹರವಿಕೊಂಡ. ಕಣ್ಣಿಂದ ನೋಡಲಿಲ್ಲ. ಕಣ್ಣು ಮುಚ್ಚಿ, ಹೆಬ್ಬೆರಳನ್ನು ಮೆಲ್ಲಗೆ ಸೀರೆಯ ಮೈಮೇಲೆ ಎಳೆದ. ಎಳೆಯುತ್ತ ಎಳೆಯುತ್ತ ಅವನ ಇನ್ನೊಂದು ಕೈ ಗಾದಿಯ ಮೇಲೆ ತಾನಾಗಿಯೇ ತಟ್ಟತೊಡಗಿತು.

"ಇದನ್ನ... ಯಾರು ನೇಯ್ದಾರ್ರಿ?"

"ನನ್ನ ಮಗಳು" ಎಂದ ಶಿದ್ರಾಮಪ್ಪ ಅಳುಕುತ್ತ. "ಏನರ ತಪ್ಪೈತೇನ್ರಿ?"

"ಹದಿನಾರು ಎಳಿಗೊಂದು ಗೆರಿ ಬಂದೈತ್ರಿ. ಕಣ್ಣಿಗೆ ಕಾಣೂದಿಲ್ಲ, ಬೆರಳಿಗೆ ಹತ್ತತೈತಿ. ಹದಿನಾರಕ್ಕೊಮ್ಮೆ ಕೈ ಜೋರ ಬಿದ್ದೈತಿ." ಅವನ ದನಿ ಸಣ್ಣಗಾಯಿತು. "ಇದು ತೀನತಾಲ!"

ಕಸ್ತೂರಿಯ ಮುಖ ಕೆಂಪಾಯಿತು. ತಾಳ ಹಿಡಿದು ನೇಯುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ! ಸಮ್ ಬಂದಾಗಲೆಲ್ಲ ಅವಳ ಕೈ ಎಳೆಯನ್ನು ತುಸು ಗಟ್ಟಿಯಾಗಿ ಬಡಿದಿತ್ತು.

ಅವನ ಬೆರಳು ಸೆರಗಿನ ಹತ್ತಿರ ಬಂದು ತಟ್ಟನೆ ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಎಣಿಸಿತು.

"ಇಲ್ಲೊಂದು ಕಡೆ... ಹದಿನೇಳು ಐತಿ."

ಕಣ್ಣು ತೆರೆದ. ಅವಳನ್ನೇ ನೋಡಿದ.

"ಪರದೇ ಹಿಂದಿನವರು ನೀವಽ ಏನ್ರಿ?"

ಅವಳಿಗೆ ಒಮ್ಮೆಲೇ ನಾಚಿಕೆ, ಒಮ್ಮೆಲೇ ಸಿಟ್ಟು! 'ಇವನ ತಪ್ಪನ್ನೂ ನಾ ಜ್ವಾಪಾನ ಮಾಡಿ ನೇಯ್ದೇನಲ್ಲ! ಅಷ್ಟು ನೆಪ್ಪಿಟ್ಟೇನೇನು ಇವನ್ನ?' ನಾಚಿಕೆಯನ್ನು ಮುಚ್ಚಲು ಸಿಟ್ಟೇ ಮುಂದೆ ಬಂತು.

"ಹೌದು, ನಾನಽ! ನಿಮ್ಮಿಂದ ನನಗ ಜಮಖಂಡಿ ಬಂದ್ ಆತು. ಇನ್ನೇನು, ಈ ಸೀರೀನೂ ಬಂದ್ ಮಾಡ್ರಿ!"

"ನನ್ನಿಂದ? ಅಲ್ರಿ, ನಾ—"

ಅಷ್ಟರಲ್ಲಿ ಶಿವಯೋಗೆಪ್ಪ ಹೊರಬಂದು ಸೀರೆ ಕಸಿದುಕೊಂಡ. "ಹದಿನೇಳು? ಅಂದ್ರ ನೇಯ್ಗಿ ಹೆಚ್ಚುಕಮ್ಮಿ ಆಗೇತಿ ಅಂತಾತು. ಇದು ಎರಡನೇ ನಂಬರಿಗೆ ಹೋಗಲಿ!" ಎಂದು ಮೂಲೆಯ ರಾಶಿಗೆ ಎಸೆದ.

ಜೀವನದಲ್ಲಿ ಮೊದಲ ಸಲ ಕಸ್ತೂರಿಯ ಸೀರೆ ಎರಡನೇ ನಂಬರಾಯಿತು. ಅವಳು ತಿರುಗಿ ನೋಡದೆ ಅಂಗಡಿ ಇಳಿದಳು. ಹಿಂದೆ ಚನಮಲ್ಲ ಆ ರಾಶಿಯಿಂದ ಸೀರೆಯನ್ನು ಎತ್ತಿ ಮಡಚಿದ್ದು ಅವಳಿಗೆ ಕಾಣಲಿಲ್ಲ.

* * *

ಗುರುವಾರ ಅವನು ನೂಲು ಕೊಡುವ ನೆಪದಲ್ಲಿ ಬನಹಟ್ಟಿಯ ಅವರ ಓಣಿಗೇ ಬಂದ.

ಬಾಗಿಲಲ್ಲಿ ಅವನ ದನಿ ಕೇಳಿದ್ದೇ ತಡ, ಒಳಗೆ ಮಗ್ಗ ನಿಂತಿತು.

"ಮಗ್ಗ ನಿಂದರಸಬ್ಯಾಡ್ರಿ" ಎಂದ ಚನಮಲ್ಲ. "ಲಯ ಭಾಳ ಛಲೋ ಐತಿ."

ಮಗ್ಗ ಮತ್ತೆ ಶುರುವಾಯಿತು. ಬೇಕೆಂದೇ ಅಡ್ಡಾದಿಡ್ಡಿ! ಕುರುಬನ ಡೊಳ್ಳೂ ಅಲ್ಲ, ಹಲಗೆಯೂ ಅಲ್ಲ. ಚನಮಲ್ಲ ನಕ್ಕುಬಿಟ್ಟ. ಆಮೇಲೆ ಶಿದ್ರಾಮಪ್ಪನ ಎದುರು ಕೂತು ಮಾತು ಶುರುಮಾಡಿದ.

"ಬರೋ ರವಿವಾರ ಮುಂಜಾನೆ ಮುಧೋಳದಾಗ ಬುವಾರ ಬೈಠಕ್ ಐತ್ರಿ. ಸಾಲಿ ಸಭಾಂಗಣದಾಗ. ತಬಲಾಕ್ಕ ನಾನಽ ಅದೇನಿ. ಅಲ್ಲಿ ಪರದೆ ಇಲ್ಲ. ನಿಮ್ಮ ಮಗಳ್ನ ಕರಕೊಂಡು ಬರಬೇಕ್ರಿ."

"ಯಾಕಪ್ಪಾ? ಅಲ್ಲಿಂದನೂ ಹೊರಗ ಹಾಕಸಾಕೇನು?" ಒಳಗಿನಿಂದ ಕಸ್ತೂರಿ ಕೇಳಿದಳು.

 ಅವನು ಒಳಗಿನವರಿಗೆ ಕೇಳುವಂತೆ, ಆದರೆ ಶಿದ್ರಾಮಪ್ಪನಿಗೇ ಹೇಳುವಂತೆ ಹೇಳಿದ.

"ಮುಧೋಳದ ಉಸ್ತಾದರು ನನಗ ಕಲಿಸಿದವರ್ರಿ. ತಪ್ಪಿದ್ರ ಬೆರಳ ಮ್ಯಾಲೆ ಹೊಡೀತಿದ್ರು. ಅವರು ಹೋಗಿ ಎರಡು ವರ್ಷಾತು. ಈ ಎರಡು ವರ್ಷ ನಾ ಏನ ಬಾರಿಸಿದ್ರೂ ಎಲ್ಲಾರೂ ವ್ಹಾ ಅಂತಾರ. ತಪ್ಪಿದ್ರೂ ವ್ಹಾ! ನನಗ ಹೆದರಿಕಿ ಆಗಾಕತ್ತಿತ್ರಿ... ಅವತ್ತ ಪರದೇ ಹಿಂದಿಂದ ಆ ದನಿ ಕೇಳಿ, ಖರೆ ಹೇಳತೇನಿ, ಉಸ್ತಾದರಽ ಬಂದು ಹೊಡದಂಗಾತು. ಅಳು ಬಂತು."

ಮಗ್ಗ ಪೂರ್ತಿ ನಿಂತುಹೋಯಿತು.

ಕಸ್ತೂರಿ ಬಾಗಿಲ ಮರೆಗೆ ಬಂದು ನಿಂತಳು. ದನಿ ಮೊದಲಿನಷ್ಟು ಚೂಪಾಗಿರಲಿಲ್ಲ.

"ಹಂಗಿದ್ರ ರಾಯರ ಮುಂದ ಯಾಕ ದೂರ ಹೇಳಿದ್ರಿ? ಬೆರಳ ಮಾಡಿ ತೋರಿಸಿದ್ದು ನಾ ಕಂಡೇನಿ."

"ಕಣ್ಣೀಲೆ ಕಂಡ್ರಿ" ಎಂದ ಚನಮಲ್ಲ ಎದ್ದು ನಿಲ್ಲುತ್ತ. "ಕಿವೀಲೆ ಕೇಳಿದ್ರೇನ್ರಿ?"

 ಹದಿಮೂರು ವರ್ಷ ಕಿವಿಯನ್ನೇ ನಂಬಿ ಬದುಕಿದವಳು ಕಸ್ತೂರಿ... ಆ ದಿನ ಒಂದು ಶಬ್ದವೂ ಕೇಳದೆ ತೀರ್ಪು ಕೊಟ್ಟಿದ್ದಳು!

ಅಷ್ಟರಲ್ಲಿ ಸಾವಿತ್ರೆವ್ವ ಹಿತ್ತಿಲಿನಿಂದ ಬಂದಳು. "ರವಿವಾರ ನಮ್ಮ ಹುಡುಗೀನ್ನ ನೋಡಾಕ ಬರತಾರಪ್ಪಾ. ಬೈಠಕ್ಕು-ಗೀಟಕ್ಕು ಇನ್ನ ಮುಗೀತು" ಎಂದಳು.

ಅವನ ಮುಖದ ಬಣ್ಣ ಇಳಿದದ್ದನ್ನು ಕಸ್ತೂರಿ ನೋಡಿದಳು. "ಆತ್ರಿ... ಆದ್ರೂ ಜಾಗಾ ಹಿಡಿದಿಟ್ಟಿರತೇನಿ" ಎಂದಷ್ಟೇ ಹೇಳಿ ಅವನು ಹೊರಟ.

'ಹಂಗಾರ ಅವತ್ತ ರಾಯರಿಗೆ ಇವ ಹೇಳಿದ್ದರ ಏನು?' ಮೂರು ದಿನ ಅದೊಂದೇ ಪ್ರಶ್ನೆ ಅವಳ ಎದೆಯಲ್ಲಿ ಸುತ್ತುತ್ತಿತ್ತು.

* * *

ರವಿವಾರ ಬೆಳಿಗ್ಗೆ ಎಂಟಕ್ಕೇ ಮಹಾಲಿಂಗಪುರದವರು ಬಂದರು. ವರ, ವರನ ತಾಯಿ, ಇಬ್ಬರು ಹಿರಿಯರು. ಅವಲಕ್ಕಿಯ ತಾಟು ಎದುರಿಗೆ ಬಂತು. ಕಸ್ತೂರಿ ಹಸಿರು ಸೀರೆ ಉಟ್ಟು ಚಾಪೆಯ ತುದಿಗೆ ಕೂತಳು. ತುಟಿ ಹೊಲಿದಂತೆ ಬಿಗಿಹಿಡಿದಿದ್ದಳು. ಆಣೆ ಆಣೆಯೇ!

ವರನ ತಾಯಿ ಅವಳ ಕೂದಲು ನೋಡಿದಳು, ಕೈ ನೋಡಿದಳು. ಆಮೇಲೆ ಎಲ್ಲ ಕಡೆ ಕೇಳುವ ಮಾತನ್ನೇ ಕೇಳಿದಳು.

"ಎಲ್ಲೆ, ಒಂದು ಹಾಡು ಹೇಳವ್ವ, ಕೇಳೂಣು."

ಕಸ್ತೂರಿ ಅವ್ವನ ಮುಖ ನೋಡಿದಳು. ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಆಣೆ ಮುರಿಯುವುದಿಲ್ಲ.

"ನನಗ ಹಾಡಾಕ ಬರೂದಿಲ್ರಿ" ಎಂದಳು ಮೆಲ್ಲಗೆ. "ಕೇಳಾಕ ಬರತೈತಿ."

ವರನ ತಾಯಿ ಗೊಳ್ಳೆಂದು ನಕ್ಕಳು. "ಕೇಳಾಕೇನು ಬರಬೇಕು? ಕಿವಿ ದನಾ-ಕರಕ್ಕೂ ಅದಾವು! ಆಂ... ಜಮಖಂಡಿ ವಾಡೇದಾಗ ಒದರಿದಾಕಿ ನೀನಽ ಏನು? ಕೇಳೇನಿ, ಕೇಳೇನಿ. ನಮ್ಮ ಮನ್ಯಾಗ ಆ ಚಾಳಿ ನಡಿಯೂದಿಲ್ಲ ನೋಡ. ಹೊಸ್ತಿಲ ದಾಟಿದ್ರ ಕಾಲು ಮುರೀತೇನಿ."

ಕಸ್ತೂರಿ ತಲೆ ತಗ್ಗಿಸಿದಳು. ಒಂದು ಹನಿ ಕೈಮೇಲೆ ಬಿತ್ತು. ಆದರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವಳು ಸಾವಿತ್ರೆವ್ವ!

"ಯಾರ ಕಾಲು ಮುರೀತಿರವ್ವಾ?"

ಎಲ್ಲರೂ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಸಾವಿತ್ರೆವ್ವ ಚಹಾದ ಪಾತ್ರೆ ಹಿಡಿದು ನಿಂತಿದ್ದಳು.  

"ನೂರು ಮಂದಿ ಶಾಣ್ಯಾರು ಕೂತಿದ್ರು ಅಲ್ಲಿ. ಒಬ್ಬರಿಗೂ ತಿಳೀಲಾರದ್ದು ನನ್ನ ಮಗಳಿಗೆ ತಿಳೀತು. ಬಾರಿಸಿದವನಽ ನಮ್ಮ ಮನೀಗೆ ಬಂದು, ನಿಮ್ಮ ಮಗಳು ಹೇಳಿದ್ದು ಖರೆ ಅಂದು ಹೋದ. ದನದ ಕಿವಿಗೆ ಅದು ತಿಳೀತೈತೇನು? ನಾ ಆಣಿ ಹಾಕಿಸಿದ್ದಕ್ಕ ಆಕಿ ಸುಮ್ಮನ ಕೂತಾಳ. ನಾ ಯಾರಿಗೂ ಆಣಿ ಹಾಕಿಲ್ಲ! ನನ್ನ ಮಗಳಿಗೆ ಒಂದು ಷರತ್ತು ಐತಿ. ವರ್ಷಕ್ಕ ನಾಕು ಬೈಠಕ್. ಆಗತೈತೋ ಇಲ್ಲೋ ಹೇಳ್ರಿ!"

"ಆಗೂದಿಲ್ಲ!"

"ಹಂಗಾರ ಹೋಗಿ ಬರ್ರಿ. ಅವಲಕ್ಕಿ ಮಾತ್ರ ಪೂರ್ತಿ ತಿಂದು ಏಳ್ರಿ, ಚೆಲ್ಲೂ ಚಟ ನಮ್ಮನ್ಯಾಗಿಲ್ಲ."

ಅವರು ತಿನ್ನಲಿಲ್ಲ ಅನ್ನಿ. ಬಾಗಿಲು ದಾಟಿ ಹೋದರು.

"ಅವ್ವಾ...!" ಕಸ್ತೂರಿ ಓಡಿಹೋಗಿ ತಬ್ಬಿಕೊಂಡಳು.

"ಬಿಡ ಬೇ, ಚಹಾ ಚೆಲ್ಲತೈತಿ" ಎಂದ ಸಾವಿತ್ರೆವ್ವ ಸೆರಗಿನಿಂದ ಮಗಳ ಕಣ್ಣೊರೆಸಿದಳು. ಆಮೇಲೆ ಗಂಡನ ಕಡೆ ತಿರುಗಿ ಗದರಿದಳು. "ಏನ್ರಿ, ಹಂಗ ಬಾಯಿ ತಕ್ಕೊಂಡು ಯಾಕ ಕೂತೀರಿ? ಮುಧೋಳದ ಬಸ್ಸು ತಪ್ಪತೈತಿ, ಏಳ್ರಿ. ನಾನೂ ಬರತೇನಿ. ಅದರಾಗ ಅಂಥಾದ್ದೇನು ಐತಿ ಅಂತ ನೋಡಽ ಬಿಡತೇನಿ!"

* * *

ಮುಧೋಳದ ಸಾಲೆಯ ಸಭಾಂಗಣಕ್ಕೆ ಅವರು ಮುಟ್ಟುವಾಗ ಹತ್ತೂವರೆ. ಸಭಾಂಗಣ ತುಂಬಿ ಕಿಟಕಿಗಳಲ್ಲೂ ಜನ. ಬುವಾ ಜೌನಪುರಿಯ ಆಲಾಪ ಆಗಷ್ಟೇ ಎತ್ತಿಕೊಂಡಿದ್ದರು. ತಬಲಾ ಇನ್ನೂ ಸುಮ್ಮನಿತ್ತು. ಅದರ ಹಿಂದೆ ಚನಮಲ್ಲ ಬಾಗಿಲನ್ನೇ ನೋಡುತ್ತ ಕೂತಿದ್ದ.

ಅವಳನ್ನು ಕಂಡ. ಅಷ್ಟೇ! ಕೂತಲ್ಲೇ ಅವನ ಬೆನ್ನು ನೆಟ್ಟಗಾಯಿತು.

ಮೊದಲ ಸಾಲಿನಲ್ಲಿ, ತಬಲಾದ ಎದುರಿಗೇ, ಒಬ್ಬ ಹಿರಿಯ ಹೆಂಗಸು ಮೂರು ಜನರ ಜಾಗಕ್ಕೆ ಕೈಚೀಲ, ಶಾಲು, ತಾಂಬೂಲದ ಡಬ್ಬಿ ಹರವಿಕೊಂಡು ಕೂತಿದ್ದಳು. ಅವಳು ಉಟ್ಟ ಸೀರೆಯ ಮೇಲೆ ಕಸ್ತೂರಿಯ ಕಣ್ಣು ನೆಟ್ಟಿತು.

ಬದನೆಹೂವಿನ ಬಣ್ಣ. ಕೆಂಪು ದಡಿ!

"ಬಾರವ್ವ ತಂಗಿ, ಬಾ. ನಿನ್ನ ಜಾಗಾ ಹಿಡಿಯೂದರಾಗ ನಾಕು ಮಂದಿ ಜೋಡಿ ಜಗಳಾಡೇನಿ" ಎಂದಳು ಆಕೆ. ಚನಮಲ್ಲನ ತಾಯಿ ಬಸಲಿಂಗವ್ವ. "ಸೀರಿ ಭಾಳ ಮೆತ್ತಗೈತಿ. ಇದನ್ನ ಎರಡನೇ ನಂಬರ ಅಂದ ನಮ್ಮ ತಮ್ಮನಽ ಎರಡನೇ ನಂಬರದವ!"

ಕಸ್ತೂರಿ ಅವಳ ಪಕ್ಕ ಕೂತಳು. ಮೂರು ದಿನ ಸುತ್ತಿದ ಪ್ರಶ್ನೆ ತಡೆಯಲಾರದೆ ಕಿವಿಯಲ್ಲಿ ಕೇಳಿಯೇಬಿಟ್ಟಳು.

"ಅತ್ತಿ... ಅವತ್ತ ಜಮಖಂಡ್ಯಾಗ ಇವರು ರಾಯರಿಗೆ ಏನ ಹೇಳಿದ್ರು?"

"ನಿನಗ ಗೊತ್ತಿಲ್ಲೇನು? 'ಆ ಪರದೇ ಹಿಂದಿನವರ್ನ ಮುಂದಿನ ಬೈಠಕ್ಕಿಗೆ ನನ್ನ ಎದುರಿಗೆ ಕೂಡಸ್ರಿ. ಅವರ ಕೈ ನೋಡಿ ಬಾರಸ್ತೇನಿ' ಅಂದನಂತ. ರಾಯರಿಗೆ ಸಿಟ್ಟು ಬಂತು. 'ನಮಗ ಬುದ್ಧಿ ಹೇಳತಿಯೇನು? ನೀನೂ ಬರಬ್ಯಾಡ' ಅಂದ್ರಂತ. ನಕ್ಕೋತ ಮನೀಗೆ ಬಂದ, ಹುಚ್ಚ! 'ಜಮಖಂಡಿ ಹೋದ್ರ ಹೋತು, ಕಿವಿ ಸಿಕ್ಕಿತು' ಅಂತ."

ಕಸ್ತೂರಿಯ ಕಣ್ಣು ತುಂಬಿ ಬಂದವು. ತನ್ನ ಜೊತೆ ಅವನಿಗೂ ಆ ವಾಡೆಯ ಬಾಗಿಲು ಮುಚ್ಚಿತ್ತು. ಎರಡು ಸಲ ಎದುರು ಬಂದರೂ ಅವನು ಅದನ್ನು ಹೇಳಿಕೊಂಡಿರಲಿಲ್ಲ!

ತಬಲಾ ಶುರುವಾಯಿತು.

ಅವಳು ಕೈಯನ್ನು ಮಡಿಲಲ್ಲಿ ಬಚ್ಚಿಡಲಿಲ್ಲ. ಮೊಣಕಾಲಿನ ಮೇಲೆ, ಎಲ್ಲರಿಗೂ ಕಾಣುವಂತೆ ಇಟ್ಟು ತಾಳ ಹಾಕಿದಳು. ಮೊದಲು ನಿಧಾನ. ಆಮೇಲೆ ಮಧ್ಯ. ಆಮೇಲೆ ದ್ರುತ್! ಬುವಾ ತಾನ್ ಮೇಲೆ ತಾನ್ ಎಸೆಯುತ್ತಿದ್ದರು. ಸಭೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಚನಮಲ್ಲ ಅವತ್ತು ಸಮ್ ತಪ್ಪಿದ ತುಕಡಾ ಎತ್ತಿಕೊಂಡ. ಬೇಕೆಂದೇ, ಅದನ್ನೇ!

ಅವನ ಕಣ್ಣು ಅವಳ ಕೈಮೇಲೆ. ಅವಳ ಕಣ್ಣು ಅವನ ಬೆರಳ ಮೇಲೆ.

ಹದಿಮೂರು... ಹದಿನಾಲ್ಕು... ಹದಿನೈದು... ಹದಿನಾರು...

ಸಮ್!

ಅವಳ ಅಂಗೈ ಮೊಣಕಾಲಿಗೆ, ಅವನ ಅಂಗೈ ತಬಲಾಕ್ಕೆ, ಬುವಾ ಅವರ ದನಿ ಷಡ್ಜಕ್ಕೆ, ಮೂರೂ ಒಂದೇ ಗಳಿಗೆಗೆ ಬಂದು ಬಿದ್ದವು. ಸಭೆ ಎದ್ದುನಿಂತಿತು. ಸಾವಿತ್ರೆವ್ವ ಏನೂ ತಿಳಿಯದೆ, ಯಾಕೆ ಅಂತ ಗೊತ್ತಿಲ್ಲದೆ, ಸೆರಗು ಬಾಯಿಗಿಟ್ಟು ಬಿಕ್ಕಿ ಅಳುತ್ತಿದ್ದಳು.

"ಯಾಕ ಅವ್ವ?"

"ಗೊತ್ತಿಲ್ಲ ಬೇ... ಇಷ್ಟು ವರ್ಷ ನನ್ನ ಯಾಕ ಕರಕೊಂಡು ಬರಲಿಲ್ಲ ನೀವಿಬ್ರೂ!"

ಹಾಡು ಮುಗಿದಾಗ ಬುವಾ ತಂಬೂರಿ ಕೆಳಗಿಟ್ಟು ಕೇಳಿದರು. "ಜಮಖಂಡಿಯೊಳಗ ಮಾತಾಡಿದವರು ಇಲ್ಲಿ ಬಂದಾರೇನು?"

ಕಸ್ತೂರಿ ಮಿಸುಕಲಿಲ್ಲ. ಹಿಂದಿನ ಸಾಲಿನಿಂದ ಶಿದ್ರಾಮಪ್ಪ ಮೊಣಕಾಲ ನೋವನ್ನೂ ಮರೆತು ಎದ್ದುನಿಂತ. ಬನಹಟ್ಟಿಯ ನೇಕಾರ ಆ ದಿನ ನಿಂತ ಎತ್ತರಕ್ಕೆ ಜೀವನದಲ್ಲೇ ನಿಂತಿರಲಿಲ್ಲ.

"ನನ್ನ ಮಗಳ್ರಿ!"

ಬುವಾ ಅವಳಿಗೆ ಕೈಮುಗಿದರು. "ಅವತ್ತ ನಾ ತಪ್ಪು ಮುಚ್ಚಿದೆ, ನೀ ತೆಗೆದು ತೋರಿಸಿದಿ. ನಿಂದಽ ಬರೋಬ್ಬರಿ ಅದ, ಮಗಳ. ಇನ್ನ ಮುಂದ ಪರದೇ ಕಟ್ಟಿದಲ್ಲಿ ನಾ ಹಾಡೋದಿಲ್ಲ ಅಂತ ನಾರಾಯಣರಾಯರಿಗೆ ಹೇಳಿ ಕಳಿಸೀನಿ."

ನೂರಾರು ಜನ ತಿರುಗಿ ನೋಡಿದರು. ಕಸ್ತೂರಿ ಈ ಸಲ ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ.

* * *

ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರು ತಾಯಂದಿರು ಒಂದೇ ತಾಂಬೂಲದ ಡಬ್ಬಿಯ ಸುತ್ತ ಕೂತು ಏನೋ ಗುಸುಗುಸು ನಡೆಸಿದ್ದರು. ಶಿದ್ರಾಮಪ್ಪ ಯಾರು ಸಿಕ್ಕರೂ ಹಿಡಿದು "ನನ್ನ ಮಗಳು" ಎನ್ನುತ್ತಿದ್ದ.

ಚನಮಲ್ಲ ಬಂದು ನಾಲ್ಕು ಮಾರು ದೂರ ನಿಂತ.

"ಹೆಂಗಿತ್ರಿ?"

"ಬರೋಬ್ಬರಿ ಇತ್ತು" ಎಂದಳು ಕಸ್ತೂರಿ. ಆಮೇಲೆ ನೆಲ ನೋಡುತ್ತ, "ನಂದಽ ತಪ್ಪಿತ್ತು. ಅವತ್ತ ಕಣ್ಣ ನಂಬಿದೆ."

"ಎಷ್ಟು ತಪ್ಪಿತ್ರಿ?"

"ಒಂದಽ ಮಾತ್ರಿ..."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವನು ತಾಯಂದಿರ ಕಡೆ ನೋಡಿದ.

"ನಮ್ಮವ್ವ ಅಲ್ಲಿ ನಿಮ್ಮವ್ವನ್ನ ಕೇಳಾಕತ್ತಾಳ. ಆದ್ರ ನಾ ಮೊದಲ ನಿಮ್ಮನ್ನ ಕೇಳಬೇಕಂತೇನಿ. ಕಸ್ತೂರಿ... ನನ್ನ ಮದುವಿ ಆಗತೀರೇನು?"

ಬೇಕಾದ ಮಾತು ಬಂದೇಬಿಟ್ಟಿತ್ತು. ಆದರೂ ಅವಳು ತಲೆಯೆತ್ತಿ ನೇರ ಅವನ ಕಣ್ಣಲ್ಲಿ ನೋಡಿದಳು.

"ನಂದೊಂದು ಷರತ್ತು ಐತಿ. ವರ್ಷಕ್ಕ ನಾಕು ಬೈಠಕ್."

"ಆಗೂದಿಲ್ರಿ."

ಅವಳ ಎದೆ ಧಸಕ್ಕೆಂದಿತು!

"ನಾ ವರ್ಷಕ್ಕ ಇಪ್ಪತ್ತು ಬೈಠಕ್ ಬಾರಸ್ತೇನಿ" ಎಂದ ಚನಮಲ್ಲ. "ನೀವು ಬರೀ ನಾಕಕ್ಕ ಬಂದ್ರ, ಉಳದ ಹದಿನಾರಕ್ಕ ನನ್ನ ಎದುರಿಗೆ ಯಾರು ಕೂಡಬೇಕ್ರಿ?"

ಕಸ್ತೂರಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ಸೆರಗಿನ ತುದಿಯಿಂದ ಒರೆಸಿಕೊಂಡಳು.

"ತಪ್ಪಿದ್ರ ಸುಮ್ಮನ ಕೂಡೂದಿಲ್ಲ ನಾ. ಎಲ್ಲಾರ ಮುಂದ ಹೇಳತೇನಿ."

"ಹೇಳಬೇಕು. ಜೋರಾಗಿ."

"ಮನ್ಯಾಗ ಬಂದು ಸಿಟ್ಟ ಮಾಡಬಾರದು."

"ಮಾಡೂದಿಲ್ಲ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಮತ್ತ... ಇವತ್ತಿನಂಗ ಬರೋಬ್ಬರಿ ಬಂದ್ರ? ಆವಾಗೇನ ಹೇಳತಿ?"

ಅವನು 'ಹೇಳತೀರಿ' ಎನ್ನದೆ 'ಹೇಳತಿ' ಎಂದದ್ದನ್ನು ಆ ಕಿವಿ ಬಿಡುತ್ತದೆಯೇ? ಕಸ್ತೂರಿ ಬಸ್ಸಿನ ಕಡೆ ಹೆಜ್ಜೆ ಹಾಕುತ್ತ ಹೊರಳಿ ನಕ್ಕಳು.

"ಆವಾಗ ಏನೂ ಹೇಳೂದಿಲ್ಲ. ಮರುದಿನ ನನ್ನ ಸೀರ್ಯಾಗ ಎಳಿ ಎಣಿಸಿ ನೋಡಕೋ!"